ಸೀಸೆಯ ಔಷಧ ಕೊಟ್ಟು ಕಳಿಸಿದರೆ ಸಾಲದು

ಕಬ್ಬು ಅರೆಯುವ ಹಂಗಾಮಿನಲ್ಲಿ ಕುಂತೂರಿನಲ್ಲಿ ಕೆಮ್ಮುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಕಾರ್ಖಾನೆಯ ಹೊಗೆ, ಕಬ್ಬಿನ ಲಾರಿ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು, ಸಿಪ್ಪೆಯ ಪುಡಿ, ಗದ್ದೆಯಲ್ಲಿ ತರಗು ಸುಟ್ಟ ಕಮಟು, ಇವೆಲ್ಲದರ ನಡುವೆ ಪಾಳಿ ಮುಗಿಸಿ ಬಂದವನು ಕೆಮ್ಮದಿದ್ದರೆ ಆಶ್ಚರ್ಯ. ಸಾಲದ್ದಕ್ಕೆ ಬೀಡಿ. ಕೆಮ್ಮು ಕಸುಬಿನ ಜೊತೆಗೇ ಬಂದದ್ದೆಂದು ಕಾರ್ಮಿಕ ತಾನೂ ತಿಳಿಯುತ್ತಾನೆ, ಮನೆಯವರೂ ಹಾಗೇ ತಿಳಿಯುತ್ತಾರೆ. ವಾರಗಟ್ಟಲೆ ನಿಲ್ಲದೆ ರಾತ್ರಿಯ ನಿದ್ದೆ ಕೆಟ್ಟಾಗ ಡಾಕ್ಟರ ಬಳಿ ಹೋಗುತ್ತಾನೆ.

ಅಲ್ಲಿಂದ ಮುಂದೆ ನಡೆಯುವುದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮೊದಲು ಒಂದು ಸೀಸೆ ಕೆಮ್ಮಿನ ಔಷಧ. ಅದಕ್ಕೆ ಬಗ್ಗದಿದ್ದರೆ ಸೂಜಿ. ತಿಂಗಳು ಕಳೆದ ಮೇಲೆ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಒಂದು ನೆರಳು. ನೆರಳು ಕಂಡ ಕೂಡಲೆ ಕ್ಷಯವೆಂದು ತೀರ್ಮಾನಿಸಿ ಗುಳಿಗೆ ಆರಂಭ. ಕಫದಲ್ಲಿ ಕ್ಷಯದ ರೋಗಾಣು ಸಿಕ್ಕಿತೆ ಎಂದು ಕೇಳುವವರು ಕಡಮೆ. ನಾಲ್ಕೈದು ತಿಂಗಳು ಗುಳಿಗೆ ನುಂಗಿ, ಮೈ ಅರ್ಧಕ್ಕೆ ಇಳಿದು, ದನಿ ಬಿದ್ದುಹೋಗಿ, ಇದ್ದ ಒಂದು ಜೊತೆ ಓಲೆಯನ್ನು ಒತ್ತೆಯಿಟ್ಟು ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದಾಗ, ಇದು ಕ್ಷಯವಲ್ಲ, ಶ್ವಾಸಕೋಶದ ಕ್ಯಾನ್ಸರ್, ಇಷ್ಟು ತಡವಾಗಿ ಯಾಕೆ ಬಂದಿರಿ ಎಂಬ ಮಾತು ಕೇಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ರೋಗಿಗೆ ಹಾಕುವುದು ಅನ್ಯಾಯವೆಂದು ನಾವು ಹೇಳುತ್ತೇವೆ. ಅವನು ಬಂದು ತಿಂಗಳುಗಳೇ ಆಗಿದ್ದವು. ಬಂದವನನ್ನು ಹಿಂದಕ್ಕೆ ಕಳಿಸಲಾಯಿತು.

ಇದು ನಮ್ಮ ರಾಜ್ಯಕ್ಕೆ ಹೊಸ ಪಾಠವೂ ಅಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಅಜ್ಞಾನಿಗಳು, ರೋಗ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದೇ ಆಗಿನ ವಿದ್ಯಾವಂತರ ನಂಬಿಕೆ. ಸಂಸ್ಥೆಯ ಸಂಶೋಧಕರಾದ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮನೆಮನೆಯಲ್ಲಿ ಕಂಡು ವಿಚಾರಿಸಿ 1963ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮಗೇನೋ ಆಗಿದೆಯೆಂಬ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ವೈದ್ಯಶಾಲೆಗಳ ಬಾಗಿಲಿಗೆ ಹೋಗಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ! ತಪ್ಪು ಜನರದಲ್ಲ, ವೈದ್ಯಶಾಲೆಯದು ಎಂದು ಆ ವರದಿಯಿಂದ ರುಜುವಾತಾಯಿತು. ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಏರ್ಪಾಟು ಊರೂರಿಗೆ ಬರಬೇಕೆಂಬ ನೀತಿಗೆ ಆ ಕಾಲದ ಇಂಥ ಕೆಲಸವೇ ತಳಹದಿ. ಇಂದು ಕ್ಷಯಕ್ಕೆ ಕಫ ಪರೀಕ್ಷೆ ಪುಕ್ಕಟೆ, ಗುಳಿಗೆ ಪುಕ್ಕಟೆ. 2018ರಿಂದ ರೋಗಿಯ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಕೊಡಲು ತೊಡಗಿದರು, 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿದರು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೇ ಕ್ಷಯಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ 1921ರಲ್ಲಿ ಆದ ಕ್ಷಯರೋಗ ಆಸ್ಪತ್ರೆ ಇಂದಿಗೂ ಇದೆ. ಅರಮನೆಯನ್ನೂ ಬಿಡದ ರೋಗವಾದ್ದರಿಂದ ಅದಕ್ಕೆ ಬೇಗ ಕಟ್ಟಡ ಎದ್ದಿತು ಎಂದು ಯಾರಾದರೂ ಕುಹಕವಾಡಿದರೆ ನಾವು ಬೇಡವೆನ್ನುವುದಿಲ್ಲ.

ಆದರೆ ಅದೇ ಕೆಮ್ಮು, ಅದೇ ರಕ್ತ, ಅದೇ ಎಕ್ಸ್‌ರೇ ನೆರಳು ಕ್ಯಾನ್ಸರಿನದಾಗಿದ್ದರೆ ಆ ಮನುಷ್ಯ 1963ರ ತುಮಕೂರಿನ ರೋಗಿಯ ಸ್ಥಿತಿಯಲ್ಲೇ ನಿಂತಿದ್ದಾನೆ.

ಡಾಕ್ಟರುಗಳ ಮೇಲೆ ನಮಗೆ ಹಗೆಯಿಲ್ಲ. ನಮ್ಮ ಸೀಮೆಯಲ್ಲಿ ಕ್ಷಯ ಹೆಚ್ಚು, ಶ್ವಾಸಕೋಶದ ಕ್ಯಾನ್ಸರ್ ಅದಕ್ಕಿಂತ ಬಹಳ ಕಡಮೆ. ಮೊದಲು ಕ್ಷಯದ ಯೋಚನೆ ಬರುವುದು ಸಹಜ, ಬರಲೂ ಬೇಕು. ತಪ್ಪಾಗುತ್ತಿರುವುದು ಎರಡನೆಯ ಪ್ರಶ್ನೆಯನ್ನು ಕೇಳದಿರುವುದರಲ್ಲಿ. ಕಫದಲ್ಲಿ ರೋಗಾಣು ಸಿಗಲಿಲ್ಲ. ಹಾಗಾದರೆ ಈ ನೆರಳು ಯಾವುದರದು? ಗುಳಿಗೆ ಶುರುಮಾಡಿ ಒಂದೂವರೆ ತಿಂಗಳಾದರೂ ತೂಕ ಏರಲಿಲ್ಲ, ನೆರಳು ಕರಗಲಿಲ್ಲ. ಹಾಗಾದರೆ ಇದು ಕ್ಷಯವೇ ಹೌದೆ? ಎದೆಯಲ್ಲಿ ನೀರು ತುಂಬಿದ್ದನ್ನು ಸೂಜಿಯಿಂದ ತೆಗೆದರು. ಆ ನೀರನ್ನು ಕ್ಯಾನ್ಸರ್ ಕಣಗಳಿಗಾಗಿ ಪರೀಕ್ಷೆಗೆ ಕಳಿಸಿದರೆ, ಇಲ್ಲಾ ಚೆಲ್ಲಿದರೆ? ಈ ಪ್ರಶ್ನೆಗಳನ್ನು ಡಾಕ್ಟರು ಕೇಳದಿದ್ದರೆ ರೋಗಿಯ ಜೊತೆಗೆ ಹೋದ ಮಗನಾಗಲಿ, ಸಂಘದವರಾಗಲಿ ಕೇಳಬೇಕು. ಕೇಳಿದರೆ ಅಧಿಕಪ್ರಸಂಗವಾಗುವುದಿಲ್ಲ.

ಈಗ ನಮ್ಮ ಕಾರ್ಮಿಕ ಬಂಧುಗಳೂ ಅಂಗಡಿಕಾರ ಮಿತ್ರರೂ ತಿಳಿದಿರಬೇಕಾದ ಒಂದೆರಡು ವಿಷಯ. ಎರಡು ವಾರಕ್ಕೆ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ರೋಗಾಣು ಸಿಕ್ಕಿತೋ, ಕ್ಷಯದ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ಪೂರ್ತಿ ಮುಗಿಸಿ. ಈ ಲೇಖನ ಓದಿ ಯಾರೂ ಅದನ್ನು ನಡುವೆ ಬಿಡಬಾರದು. ಸಿಗಲಿಲ್ಲವೋ, ಸುಮ್ಮನಿರಬೇಡಿ. ಹಳೆಯ ಕೆಮ್ಮಿನ ದನಿಯೇ ಬದಲಾಗುವುದು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದೆ ಕಾಡುವ ಎದೆ ನೋವು ಅಥವಾ ಹೆಗಲ ನೋವು, ದನಿ ಗೊಗ್ಗರಾಗುವುದು, ಮುಖ ಕತ್ತು ಊದುವುದು, ಬೆರಳ ತುದಿಗಳು ಗುಂಡಗೆ ದಪ್ಪವಾಗುವುದು, ಇವುಗಳಲ್ಲಿ ಯಾವುದಿದ್ದರೂ, ನಲವತ್ತು ದಾಟಿದ ಬೀಡಿ ಸಿಗರೇಟಿನವರಾದರಂತೂ, ಎದೆಯ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಿ. ಕೆಮ್ಮಿಲ್ಲದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆಸುವ ಶಿಬಿರಗಳಿಂದ ಈ ಕ್ಯಾನ್ಸರಿನ ಸಾವು ತಗ್ಗಿದ್ದು ಎಲ್ಲೂ ಕಂಡುಬಂದಿಲ್ಲ. ಅಂಥ ಶಿಬಿರಗಳಿಗೆ ಹಾರ ತುರಾಯಿಗಳ ಖರ್ಚು ಮಾತ್ರ ಹೆಚ್ಚು.

ಸ್ಕ್ಯಾನಿನಲ್ಲಿ ಗಂಟು ಕಂಡರೆ ಅದರಿಂದ ಚೂರು ತೆಗೆದು ಪರೀಕ್ಷೆ ಮಾಡಬೇಕು. ಬಾಯಿ ಮೂಗಿನ ಮೂಲಕ ಸಣ್ಣ ಕೊಳವೆ ಇಳಿಸಿ ತೆಗೆಯುವುದುಂಟು, ಹೊರಗಿನಿಂದ ಸೂಜಿ ಹಾಕಿ ತೆಗೆಯುವುದುಂಟು. ಗಂಟಿಗೆ ಸೂಜಿ ತಾಗಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬ ಮಾತು ನಮ್ಮ ಸಂತೆಗಳಲ್ಲಿ ಬೇರೂರಿದೆ. ಆ ಹೆದರಿಕೆಯಿಂದ ಆಸ್ಪತ್ರೆಯಿಂದ ಎದ್ದು ಬಂದು ನಾಟಿ ಔಷಧದವರ ಬಳಿ ಕುಳಿತವರು ಒಬ್ಬಿಬ್ಬರಲ್ಲ. ಚೂರು ತೆಗೆಯದೆ ಅದು ಕ್ಯಾನ್ಸರ್ ಹೌದೇ ಅಲ್ಲವೇ, ಹೌದಾದರೆ ಯಾವ ಜಾತಿಯದು ಎಂದು ಬ್ರಹ್ಮನೂ ಹೇಳಲಾರ. ಜಾತಿ ಗೊತ್ತಾಗದೆ ಚಿಕಿತ್ಸೆಯಿಲ್ಲ. ಒಂದು ಜಾತಿಯದು ಬಿರುಸಾಗಿ ಹರಡುತ್ತದೆ, ಅದಕ್ಕೆ ಕೀಮೋ ಔಷಧ ಮತ್ತು ವಿಕಿರಣವೇ ಮುಖ್ಯ. ಹೆಚ್ಚಾಗಿ ಕಾಣುವ ಇನ್ನೊಂದು ಜಾತಿಯನ್ನು ಮೊದಲ ಹಂತದಲ್ಲೇ ಹಿಡಿದರೆ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಲು ಸಾಧ್ಯ. ಹರಡಿದ ಮೇಲೆ ಸಿಕ್ಕಿದವರಲ್ಲೂ ಕೆಲವರ ಗಂಟಿನಲ್ಲಿ ಒಂದು ಬಗೆಯ ವಂಶವಾಹಿ ಬದಲಾವಣೆ ಇರುತ್ತದೆ. ಪಾಶ್ಚಾತ್ಯರಿಗಿಂತ ನಮ್ಮ ದೇಶದವರಲ್ಲಿ, ಅದರಲ್ಲೂ ಬೀಡಿ ಮುಟ್ಟದವರಲ್ಲಿ ಮತ್ತು ಹೆಂಗಸರಲ್ಲಿ ಅದು ಹೆಚ್ಚು. ಅಂಥವರಿಗೆ ದಿನಕ್ಕೊಂದು ಗುಳಿಗೆಯಲ್ಲೇ ಉಸಿರು ಹಗುರಾಗಿ, ಎಷ್ಟೋ ತಿಂಗಳು, ಕೆಲವರಿಗೆ ವರ್ಷಗಳು, ಎದ್ದು ಓಡಾಡುವ ಶಕ್ತಿ ಬರುತ್ತದೆ. ಪೂರ್ತಿ ಗುಣವೆಂದು ನಾವು ಹೇಳುವುದಿಲ್ಲ. ಆದರೆ ಮಗಳ ಮದುವೆ ಮುಗಿಸುವಷ್ಟು, ಮಗನನ್ನು ಒಂದು ಕೆಲಸಕ್ಕೆ ಹಚ್ಚುವಷ್ಟು ಕಾಲ ಸಣ್ಣದೇ? ಆ ಪರೀಕ್ಷೆಯನ್ನೇ ಮಾಡದೆ, ಇನ್ನೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎನ್ನುವುದು ದೊಡ್ಡ ಅಪರಾಧ.

ಇಷ್ಟೆಲ್ಲ ಎಲ್ಲಿ ಸಿಗುತ್ತದೆ? ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಬಡವರ ಪಾಲಿಗಿದೆ. ರಫಿ ಅಹಮದ್ ಕಿದ್ವಾಯಿಯವರ ಹೆಸರಿಗೆ ಒಪ್ಪುವ ಕೆಲಸವನ್ನು ಅದು ಮಾಡಿದೆಯೆಂಬುದರಲ್ಲಿ ಎರಡು ಮಾತಿಲ್ಲ. ಎಷ್ಟು ಮಂದಿಗೆ ಯಾವ ಕ್ಯಾನ್ಸರ್ ಬರುತ್ತಿದೆಯೆಂದು 1980ರ ದಶಕದ ಆರಂಭದಿಂದ ಬೆಂಗಳೂರಿನ ಲೆಕ್ಕವನ್ನು ಇಟ್ಟು ಬಂದಿರುವುದೂ ಅದೇ ಸಂಸ್ಥೆ. ಅಲ್ಲಿನ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮೊದಲ ಸಾಲಿನಲ್ಲಿದೆ. ಕುಂತೂರಿನವರಿಗೆ ಮಂಡ್ಯದಲ್ಲಿ ಕ್ಯಾನ್ಸರ್ ಕೇಂದ್ರವುಂಟು, ಮೈಸೂರಿನಲ್ಲಿ ದೊಡ್ಡಾಸ್ಪತ್ರೆಯುಂಟು, ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಉಂಟು. ಉಂಟು ಎಂಬುದಕ್ಕೂ ಸಿಗುತ್ತದೆ ಎಂಬುದಕ್ಕೂ ನಡುವೆ ಇರುವ ದೂರವನ್ನು ಬಸ್ಸಿನಲ್ಲಿ ಅಳೆಯಬೇಕು. ಮೈಸೂರು ಕೊಳ್ಳೇಗಾಲದಿಂದ ಸುಮಾರು 60 ಕಿಲೋಮೀಟರ್, ಬೆಂಗಳೂರು ಅದರ ಎರಡರಷ್ಟು. ಹನೂರಿನವನು ಕೊಳ್ಳೇಗಾಲಕ್ಕೆ ಬರುವುದಕ್ಕೇ ಒಂದು ಬಸ್ಸು ಹಿಡಿಯಬೇಕು. ವಿಕಿರಣ ಚಿಕಿತ್ಸೆಯೆಂದರೆ ವಾರಕ್ಕೆ ಐದು ದಿನ, ಆರು ವಾರಗಳವರೆಗೂ ಹೋಗಬೇಕಾದೀತು. ದಿನಾ ಹೋಗಿ ಬರುವಂತಿಲ್ಲ, ಅಲ್ಲೇ ಉಳಿಯಲು ಮನೆಯಿಲ್ಲ. ಕ್ಯಾನ್ಸರ್ ರೋಗಿಗೂ ಅವನ ಜೊತೆಗಾರನಿಗೂ ರೈಲ್ವೆ ಇಲಾಖೆ ಉದಾರವಾದ ರಿಯಾಯಿತಿ ಕೊಟ್ಟಿದೆ. ಕೊಳ್ಳೇಗಾಲಕ್ಕೆ ರೈಲು ಮಾತ್ರ ಕೊಟ್ಟಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಜೊತೆಗೆ ಬರುವ ಹೆಂಡತಿಗೆ ಬಸ್ಸಿನಲ್ಲಿ ಕಾಸಿಲ್ಲ, ರೋಗಿಯಾದ ಗಂಡನಿಗೆ ಪೂರಾ ಚಾರ್ಜು. ಶಕ್ತಿ ಯೋಜನೆಯನ್ನು ನಾವು ಟೀಕಿಸುತ್ತಿಲ್ಲ. ಆಸ್ಪತ್ರೆಯ ಚೀಟಿ ಹಿಡಿದ ಕ್ಯಾನ್ಸರ್ ರೋಗಿಯನ್ನೂ ಅದೇ ಸಾಲಿಗೆ ಸೇರಿಸಿದರೆ ನಿಗಮ ಮುಳುಗಿಹೋಗುವುದಿಲ್ಲವೆಂದಷ್ಟೇ ಹೇಳುತ್ತೇವೆ.

ಇನ್ನು ಹಣದ ಮಾತು. ಇಲ್ಲಿ ನಮ್ಮ ಸಕ್ಕರೆ ಕಾರ್ಮಿಕರು ಕಣ್ಣು ತೆರೆದು ನೋಡಬೇಕಾದ ಸಂಗತಿಯೊಂದಿದೆ. ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇ.ಎಸ್.ಐ., ಈ ದೇಶದ ದುಡಿಯುವವರು ಪಡೆದ ದೊಡ್ಡ ಹಕ್ಕು. ಅದರ ಕಾಯಿದೆ 1948ರದು. ವಿಮೆಯುಳ್ಳ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಕ್ಯಾನ್ಸರಿನಂಥ ದೀರ್ಘ ರೋಗಗಳಿಗೆ, ನಿಯಮದಂತೆ ಎರಡು ವರ್ಷ ಸೇವೆಯಾಗಿ ಚಂದಾ ಸಂದಿದ್ದರೆ, ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಸಿಗುತ್ತದೆ. ಚಿಕಿತ್ಸೆಯ ಖರ್ಚು ಬೇರೆ. ಆದರೆ ಆ ಕಾಯಿದೆ ಹಂಗಾಮಿ ಕಾರ್ಖಾನೆಗಳನ್ನು ಆರಂಭದಿಂದಲೇ ಹೊರಗಿಟ್ಟಿತು. ಹಂಗಾಮಿ ಎಂದರೆ ಯಾವುವು ಎಂದು ವಿವರಿಸುವಾಗ ಕಾಫಿ, ಟೀ, ರಬ್ಬರುಗಳ ಜೊತೆಗೆ ಸಕ್ಕರೆ ಮತ್ತು ಬೆಲ್ಲದ ಹೆಸರನ್ನು ಹಿಡಿದು ಬರೆಯಿತು. ಆ ಕಾಯಿದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಗೆ ಈ ವಿಮೆ ಅನ್ವಯಿಸದೆಂದೇ ಹೇಳುತ್ತದೆ. ಕಬ್ಬು ಅರೆಯುವುದು ಹಂಗಾಮಿ ಇದ್ದೀತು. ಅರೆಯುವವನ ಶ್ವಾಸಕೋಶವೂ ಹಂಗಾಮಿಯೇ? ಸಕ್ಕರೆಯಲ್ಲದೆ ಬೇರೆ ಉತ್ಪಾದನೆಯೂ ಇರುವ ಕಾರ್ಖಾನೆಗಳ ಸ್ಥಿತಿ ಒಂದೊಂದರದು ಒಂದೊಂದು ತೆರನಾಗಿರಬಹುದು. ಆದ್ದರಿಂದ ಪ್ರತಿಯೊಬ್ಬ ಕಾರ್ಮಿಕನೂ, ಮುಖ್ಯವಾಗಿ ಗುತ್ತಿಗೆದಾರನ ಕೈಕೆಳಗೆ ಇರುವವನು, ತನ್ನ ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಕಡಿತ ಇದೆಯೇ ಎಂದು ಇಂದೇ ನೋಡಬೇಕು. ಕಡಿತ ಇದ್ದು ವಿಮಾ ಸಂಖ್ಯೆ ಕೈಗೆ ಬಂದಿಲ್ಲದಿದ್ದರೆ ಸಂಘಕ್ಕೆ ತಿಳಿಸಬೇಕು. ಕಾಯಿಲೆ ಬಿದ್ದ ಮೇಲೆ ಹುಡುಕಿದರೆ ಹಳೆಯ ದಿನಗಳ ಚಂದಾ ಹುಟ್ಟುವುದಿಲ್ಲ.

ಅಂಗಡಿಕಾರನ ಗತಿ ಇದಕ್ಕಿಂತ ಮೇಲೇನೂ ಅಲ್ಲ. ಬೀದಿ ಬದಿಯ ತರಕಾರಿಯವಳು, ಕಿರಾಣಿಯವನು, ಸೈಕಲ್ ರಿಪೇರಿಯವನು, ಒಲೆಯ ಮುಂದೆ ದಿನವಿಡೀ ಕುಳಿತು ರೇಷ್ಮೆ ನೂಲು ಬಿಚ್ಚುವ ಸಣ್ಣ ರೀಲರು, ಇವರಿಗೆ ಮಾಲೀಕನೂ ಇಲ್ಲ, ರಜೆಯೂ ಇಲ್ಲ. ಬಾಗಿಲು ಹಾಕಿದ ದಿನ ವ್ಯಾಪಾರ ಸೊನ್ನೆ. ಇವರಿಗಿರುವುದು 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎ.ಪಿ.ಎಲ್. ಆದರೆ ಗೊತ್ತುಪಡಿಸಿದ ದರದ ನೂರಕ್ಕೆ 30 ಭಾಗ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಸಣ್ಣ ಅಂಗಡಿ, ಒಂದು ಹಳೆಯ ಗೂಡ್ಸ್ ಗಾಡಿ ಹೆಸರಿನಲ್ಲಿದ್ದವನ ಬಿ.ಪಿ.ಎಲ್. ಕಾರ್ಡು ಯಾವಾಗ ಹೋದೀತೆಂದು ಹೇಳಬರುವುದಿಲ್ಲ. 2024ರ ನವೆಂಬರಿನಲ್ಲಿ ಕಾರ್ಡುಗಳ ರದ್ದತಿಯ ಸುದ್ದಿಗೆ ರಾಜ್ಯವೆಲ್ಲ ಗದ್ದಲವೆದ್ದದ್ದನ್ನು ಯಾರೂ ಮರೆತಿಲ್ಲ. ಎಲ್ಲಕ್ಕಿಂತ ದೊಡ್ಡ ತೂತು ಬೇರೆಡೆ ಇದೆ. ಯೋಜನೆಯ ಹಣ ಹರಿಯುವುದು ರೋಗದ ಹೆಸರು ಗೊತ್ತಾಗಿ ಚಿಕಿತ್ಸೆಗೆ ಸೇರಿದ ಮೇಲೆ. ಹೆಸರು ಗೊತ್ತಾಗುವುದಕ್ಕೆ ಮುಂಚಿನ ಅಲೆದಾಟ, ಎರಡು ಮೂರು ಸ್ಕ್ಯಾನು, ಚೂರಿನ ಪರೀಕ್ಷೆ, ಕಳೆದ ಕೂಲಿ, ಇವೆಲ್ಲ ಬಹುಮಟ್ಟಿಗೆ ರೋಗಿಯ ಕೈಯಿಂದಲೇ. ಕೊಳ್ಳೇಗಾಲದ ಬಡವ ಸೋಲುವುದು ಈ ಮೊದಲ ಸುತ್ತಿನಲ್ಲಿ.

ಔಷಧಗಳ ಬೆಲೆಯ ಬಗ್ಗೆಯೂ ಒಂದು ಮಾತು. 2019ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರದ ಲಾಭ ನೂರಕ್ಕೆ 30ನ್ನು ಮೀರಬಾರದೆಂದು ಕಟ್ಟು ಹಾಕಿತು; ಕೆಲವು ಔಷಧಗಳ ಬೆಲೆ ಒಮ್ಮೆಗೇ ಬಿದ್ದುಹೋಯಿತು. ಅಲ್ಲಿಯತನಕ ಸಾಯುವವನ ಮನೆಯಿಂದ ಎಷ್ಟು ದೋಚಲಾಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ರೋಗದ ಮೂಲದ ಬಗ್ಗೆ ಚುಟುಕಾಗಿ ಹೇಳುತ್ತೇವೆ, ಏಕೆಂದರೆ ಎಲ್ಲರಿಗೂ ಗೊತ್ತು. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ತಂಬಾಕಿನ ಹೊಗೆಗೂ ಈ ರೋಗಕ್ಕೂ ಇರುವ ನಂಟನ್ನು ಲೆಕ್ಕಹಾಕಿ ತೋರಿಸಿದರು. ಬೀಡಿ ಎಲೆಯದು, ಆದ್ದರಿಂದ ಸಿಗರೇಟಿಗಿಂತ ಸೌಮ್ಯವೆಂಬುದು ಭ್ರಮೆ. ಆರದಂತೆ ಇರಿಸಲು ಹೆಚ್ಚು ಸಲ ಎಳೆಯಬೇಕಾದ್ದರಿಂದ ಹೊಗೆ ಹೆಚ್ಚೇ ಒಳಸೇರುತ್ತದೆ. ಬೀಡಿ ಮಾರುವ ನಮ್ಮ ಅಂಗಡಿಕಾರ ಮಿತ್ರರಿಗೆ ಇದು ಕಹಿಯಾದರೂ ಹೇಳದೆ ವಿಧಿಯಿಲ್ಲ. ಹಾಗೆಂದು ಎಲ್ಲವನ್ನೂ ಬೀಡಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರನ್ನೂ ನಾವು ಬಿಡುವುದಿಲ್ಲ. ನಮ್ಮ ದೇಶದ ಕಬ್ಬಿನ ಹೊಲದ ಕೆಲಸಗಾರರನ್ನು ಕುರಿತು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀಡಿ ಸಿಗರೇಟಿನ ಲೆಕ್ಕವನ್ನು ಬೇರೆ ತೆಗೆದ ಮೇಲೂ, ಅವರಿಗೆ ಈ ಕ್ಯಾನ್ಸರಿನ ಅಪಾಯ ಹೆಚ್ಚಾಗಿ ಕಂಡಿತು. ಕೊಯ್ಲಿನ ನಂತರ ಹೊಲ ಸುಡುವ ಕೆಲಸದವರಲ್ಲೂ ಹಾಗೆಯೇ. ಹಳೆಯ ಕಾರ್ಖಾನೆಗಳ ಉಗಿ ಕೊಳವೆಗಳಿಗೆ ಸುತ್ತುತ್ತಿದ್ದ ಕಲ್ನಾರಿನ ಪುಡಿ, ಕರಿಕಲ್ಲಿನ ಗಣಿಯ ಧೂಳು, ಡೀಸೆಲ್ ಹೊಗೆ, ಇವೆಲ್ಲ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ಪಟ್ಟಿಮಾಡಿದೆ. ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರಿಗೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಕೇಳಿದವರು ಎಷ್ಟು ಮಂದಿ? ಸೇದಿದವನನ್ನು ಕಂಡು ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವುದು ಸುಲಭ. ಸೇದದೆ ಸೌದೆ ಒಲೆಯ ಮುಂದೆ ಕುಳಿತು ರೋಗ ತಂದುಕೊಂಡ ತಾಯಿಗೆ ಏನು ಹೇಳುತ್ತೀರಿ? ಇಬ್ಬರಿಗೂ ಚಿಕಿತ್ಸೆ ಸಿಗಬೇಕು.

ಕೊನೆಗೆ, ಗುಣವಾಗದವರ ವಿಷಯ. ಇದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ. ತಡವಾಗಿ ಪತ್ತೆಯಾಗುವುದೇ ಹೆಚ್ಚಾದ್ದರಿಂದ ಈ ರೋಗದಲ್ಲಿ ಅಂಥವರೇ ಬಹಳ. ಅವರಿಗೆ ನೋವು, ಏದುಸಿರು, ನಿದ್ದೆಯಿಲ್ಲದ ರಾತ್ರಿ. ನೋವಿಗೆ ಮಾರ್ಫಿನ್ ಎಂಬ ಅಗ್ಗದ ಔಷಧವಿದೆ. ಅಫೀಮಿನ ಕಾನೂನಿನ ಬಿಗಿ ಅದನ್ನು ದಶಕಗಟ್ಟಲೆ ಆಸ್ಪತ್ರೆಗಳಿಂದ ದೂರವಿಟ್ಟಿತ್ತು. 2014ರಲ್ಲಿ ಕಾನೂನು ತಿದ್ದಿ ಸಡಿಲಿಸಿದರು. ಇಷ್ಟು ವರ್ಷಗಳಾದ ಮೇಲೂ ತಾಲ್ಲೂಕು ಊರುಗಳಲ್ಲಿ ಅದು ಸುಲಭವಾಗಿ ಸಿಗದಿರುವುದಕ್ಕೆ ಈಗ ಕಾನೂನನ್ನು ದೂರುವಂತಿಲ್ಲ. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಸಂಸ್ಥೆ 1999ರಿಂದ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಿದೆ. ಆದರೆ ಕುಂತೂರಿನ ಮನುಷ್ಯ ಕೊನೆಯ ದಿನಗಳನ್ನು ಕುಂತೂರಿನಲ್ಲೇ ಕಳೆಯಲು ಬಯಸುತ್ತಾನೆ. ಅದಕ್ಕೆ ದಾರಿ ತೋರಿಸಿದವರು ನಮ್ಮ ಜಿಲ್ಲೆಯ ಗಡಿಯಾಚೆಯ ಕೇರಳದವರು. ಮಲಪ್ಪುರಂ ಮೊದಲಾದ ಕಡೆ ಊರಿನ ಜನ ತಾವೇ ತರಬೇತಿ ಪಡೆದು, ಒಬ್ಬ ನರ್ಸನ್ನು ಇಟ್ಟುಕೊಂಡು, ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡುವ ಸಂಘಗಳನ್ನು ಕಟ್ಟಿದರು. ಅದರ ಹಣ ಬಂದದ್ದು ಹೆಚ್ಚಾಗಿ ಅಂಗಡಿಗಳ ಡಬ್ಬಿಯಿಂದ, ಕೂಲಿಕಾರರ ಚಿಲ್ಲರೆಯಿಂದ. ಕೇರಳ ಸರ್ಕಾರ 2008ರಲ್ಲಿ ಅದನ್ನು ರಾಜ್ಯದ ನೀತಿಯಾಗಿ ಒಪ್ಪಿಕೊಂಡಿತು. ಗುಂಡ್ಲುಪೇಟೆ ದಾಟಿದರೆ ವಯನಾಡು. ಹೋಗಿ ನೋಡಿ ಬರಲು ನಮ್ಮ ವರ್ತಕರ ಸಂಘಕ್ಕೂ ಕಾರ್ಮಿಕ ಸಂಘಕ್ಕೂ ಒಂದು ಭಾನುವಾರ ಸಾಕು.

2025ರ ಕೇಂದ್ರ ಮುಂಗಡಪತ್ರದಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ, ಆ ವರ್ಷವೇ 200 ಕಡೆ, ದಿನದ ಮಟ್ಟಿನ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ ತೆರೆಯುವುದಾಗಿ ಸಾರಿದರು. ಚಾಮರಾಜನಗರದಲ್ಲಿ ಆ ಕೇಂದ್ರ ಹೆಸರಿಗೆ ನಾಲ್ಕು ಮಂಚವಾಗದೆ, ಮೈಸೂರು ಬೆಂಗಳೂರಿನಲ್ಲಿ ಗೊತ್ತುಮಾಡಿದ ಕೀಮೋ ಔಷಧವನ್ನು ಇಲ್ಲೇ ಏರಿಸುವ ನಿಜವಾದ ಕೇಂದ್ರವಾಗಬೇಕು. ಕಫದಲ್ಲಿ ರೋಗಾಣು ಸಿಗದೆ ನೆರಳು ಮಾತ್ರ ಇರುವ ಪ್ರತಿಯೊಬ್ಬನ ಹೆಸರನ್ನೂ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಬರೆದಿಟ್ಟು, ನಿಗದಿಯಾದ ದಿನದೊಳಗೆ ಅವನ ಸ್ಕ್ಯಾನ್ ಮತ್ತು ಚೂರಿನ ಪರೀಕ್ಷೆ ಸರ್ಕಾರದ ಖರ್ಚಿನಲ್ಲಿ ಮುಗಿಯುವಂತೆ ಮಾಡಬೇಕು. ಇದಕ್ಕೆ ಹೊಸ ಕಟ್ಟಡವಾಗಲಿ ಶಂಕುಸ್ಥಾಪನೆಯಾಗಲಿ ಬೇಕಿಲ್ಲ. ಒಂದು ದಫ್ತರವೂ ಅದಕ್ಕೆ ಜವಾಬ್ದಾರನಾದ ಒಬ್ಬ ಅಧಿಕಾರಿಯೂ ಸಾಕು. ಕಾರ್ಖಾನೆಯ ಆಡಳಿತವನ್ನು ನಾವು ಕೇಳುವುದು ಇನ್ನೂ ಸಣ್ಣದು. ಎರಡು ವಾರ ಮೀರಿ ಕೆಮ್ಮುತ್ತಿರುವ ಕಾರ್ಮಿಕ, ಕಾಯಂ ಆಗಿರಲಿ ಗುತ್ತಿಗೆಯವನಾಗಿರಲಿ, ಪರೀಕ್ಷೆಗೆ ಹೋದ ದಿನಗಳ ಕೂಲಿಯನ್ನು ಹಿಡಿಯಕೂಡದು. ಚಿಕಿತ್ಸೆ ಪಡೆದು ಬಂದವನಿಗೆ ಬಾಯ್ಲರು, ಸಿಪ್ಪೆಯ ಅಂಗಳ ಬಿಟ್ಟು ಬೇರೆ ಕಡೆ ಕೆಲಸ ಕೊಡಬೇಕು. ಮುಂದಿನ ಹಂಗಾಮಿಗೆ ಕಬ್ಬು ಗೇಟಿನೊಳಗೆ ಬರುವುದಕ್ಕೆ ಮುಂಚೆ ಇದನ್ನು ಬರಹದಲ್ಲಿ ಕೊಡಬೇಕೆಂದು ಕಾರ್ಮಿಕ ಸಂಘ ಕೇಳಲಿ.